ಯಾವ ಸ್ಟಾಕು, ಯಾರ ಪಾಲಿಗೆ?

ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲೋ ಮಾರತ್‌ಹಳ್ಳಿಯಲ್ಲೋ ಒಂದು ಸುತ್ತು ಹಾಕಿದರೆ ಪಿಜಿ ಫಲಕಗಳಿಗೆ ಸರಿಸಾಟಿಯಾಗಿ ತರಬೇತಿ ಕೇಂದ್ರಗಳ ಫಲಕಗಳು ಕಾಣುತ್ತವೆ. ಜಾವಾ ಫುಲ್ ಸ್ಟಾಕ್, ಪೈಥಾನ್ ಫುಲ್ ಸ್ಟಾಕ್, ಮರ್ನ್ ಸ್ಟಾಕ್, ಡಾಟ್ ನೆಟ್, ಯುಐ-ಯುಎಕ್ಸ್. ಸ್ಟಾಕ್ ಎಂದರೆ ಜಾಲತಾಣ ಕಟ್ಟಲು ಜೊತೆಯಾಗಿ ಬಳಸುವ ಭಾಷೆ, ಸಲಕರಣೆಗಳ ಕಟ್ಟು. ಹಾಸನದಿಂದಲೋ ಕಲಬುರಗಿಯಿಂದಲೋ ಬಿಇ, ಬಿಸಿಎ ಮುಗಿಸಿ ಬಂದವರು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಯಾವುದು ಒಳ್ಳೆಯದು? ಆ ತಿಂಗಳು ಯಾವ ಬ್ಯಾಚು ತುಂಬಿಲ್ಲವೋ ಅದೇ ಒಳ್ಳೆಯದು ಎಂದು ಕೌಂಟರಿನವರು ಹೇಳುತ್ತಾರೆ ಎಂಬುದು ಕುಹಕದ ಮಾತಿರಬಹುದು. ಆದರೆ ಇದಕ್ಕಿಂತ ಗಂಭೀರವಾದ ಹೋಲಿಕೆಗಳೂ ತೀರಾ ಬೇರೆಯೇನಲ್ಲ. ಯಾವುದು ವೇಗ, ಯಾವುದಕ್ಕೆ ಸಂಬಳ ಜಾಸ್ತಿ, ಯಾವುದು ಈಗ ಓಡುತ್ತಿದೆ ಎಂದು ಪಟ್ಟಿ ಮಾಡುತ್ತಾರೆ. ಕಟ್ಟಿದ ಜಾಲತಾಣ ಎಷ್ಟು ವರ್ಷ ಬಾಳಬೇಕು, ಕಟ್ಟಿದವರು ಕೆಲಸ ಬಿಟ್ಟು ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಎರಡು ಕಲಂ ಆ ಪಟ್ಟಿಗಳಲ್ಲಿ ಇರುವುದಿಲ್ಲ. ನನ್ನ ಮಟ್ಟಿಗೆ ಉಳಿದ ಕಲಂಗಳೆಲ್ಲ ಇವೆರಡರ ನಂತರ.

ಯಾವುದಕ್ಕೆ ಪರ್ಯಾಯವೇ ಇಲ್ಲವೋ ಅದನ್ನು ಮೊದಲು ಹೇಳಿಬಿಡೋಣ. ಪುಟದ ಹಂದರಕ್ಕೆ ಎಚ್‌ಟಿಎಂಎಲ್, ರೂಪಕ್ಕೆ ಸಿಎಸ್‌ಎಸ್, ಚಲನೆಗೆ ಜಾವಾಸ್ಕ್ರಿಪ್ಟ್. ಯಾವ ಫ್ರೇಮ್‌ವರ್ಕ್ ಹಿಡಿದರೂ ಕೊನೆಗೆ ಬ್ರೌಸರಿನ ಮುಂದೆ ಬಂದು ನಿಲ್ಲುವುದು ಹೆಚ್ಚೂಕಡಿಮೆ ಈ ಮೂರೇ. ಟಿಮ್ ಬರ್ನರ್ಸ್-ಲೀ ಸರ್ನ್ ಪ್ರಯೋಗಾಲಯದಲ್ಲಿದ್ದಾಗ 1991ರಲ್ಲಿ ತೆರೆದ ಮೊದಲ ಜಾಲತಾಣದ ಪುಟಗಳು ಇವತ್ತಿನ ಮೊಬೈಲಿನಲ್ಲೂ ತೆರೆದುಕೊಳ್ಳುತ್ತವೆ. ಸಿಎಸ್‌ಎಸ್‌ನ ಪ್ರಸ್ತಾಪವನ್ನು ಹೋಕಾನ್ ವಿಯಂ ಲೀ 1994ರಲ್ಲಿ ಮುಂದಿಟ್ಟರು. ಮರುವರ್ಷ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಬರೆದರು. ಆ ಅವಸರದ ಗುರುತುಗಳು ಭಾಷೆಯಲ್ಲಿ ಇಂದಿಗೂ ಇವೆ. ತೆಗೆದುಹಾಕಲು ಯಾರಿಗೂ ಧೈರ್ಯವಿಲ್ಲ, ಯಾಕೆಂದರೆ ಅವನ್ನೇ ನಂಬಿ ನಡೆಯುತ್ತಿರುವ ಪುಟಗಳು ಲೆಕ್ಕವಿಲ್ಲದಷ್ಟು.

ಹಳೆಯದನ್ನು ಕೆಡಿಸಬಾರದೆಂಬ ಈ ಹಟ ಎಷ್ಟರ ಮಟ್ಟಿಗಿದೆ ಎಂಬುದಕ್ಕೆ 2018ರ ಒಂದು ಪ್ರಸಂಗವಿದೆ. ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸಿ ಒಂದೇ ಸಾಲಿಗೆ ತರುವ ಹೊಸ ಸೌಲಭ್ಯವೊಂದಕ್ಕೆ ‘ಫ್ಲ್ಯಾಟನ್’ ಎಂದು ಹೆಸರಿಡುವುದೆಂದು ಜಾವಾಸ್ಕ್ರಿಪ್ಟ್ ಸಮಿತಿಯವರು ಅಂದುಕೊಂಡಿದ್ದರು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರನ್ನು ತನ್ನ ರೀತಿಯಲ್ಲಿ ಬಳಸಿಕೊಂಡಿತ್ತು. ಫೈರ್‌ಫಾಕ್ಸ್‌ನ ಪ್ರಾಯೋಗಿಕ ಆವೃತ್ತಿಯಲ್ಲಿ ಹೊಸ ಸೌಲಭ್ಯ ಸೇರಿಸಿದ್ದೇ ತಡ, ಮೂಟೂಲ್ಸ್ ನೆಚ್ಚಿಕೊಂಡಿದ್ದ ಹಳೆಯ ತಾಣವೊಂದು ಕೆಟ್ಟುಕೂತಿತು. ಸಾಕಷ್ಟು ಜಗಳ, ತಮಾಷೆಯೆಲ್ಲ ಆದ ಮೇಲೆ ಸಮಿತಿಯೇ ಸೋತು ‘ಫ್ಲ್ಯಾಟ್’ ಎಂದು ಹೆಸರು ಬದಲಿಸಿತು. ಹೊಸಬರು ಕೈಬಿಟ್ಟು ಎಷ್ಟೋ ಕಾಲವಾಗಿದ್ದ ಲೈಬ್ರರಿಗಾಗಿ ಜಗತ್ತಿನ ಅತಿ ಹೆಚ್ಚು ಬಳಕೆಯ ಭಾಷೆಗಳಲ್ಲೊಂದು ದಾರಿ ಬಿಟ್ಟಿತು. ಈ ಮೂರು ಭಾಷೆಗಳಲ್ಲಿ ನೇರವಾಗಿ ಬರೆದದ್ದು ಇಪ್ಪತ್ತು ವರ್ಷ ನಿಲ್ಲುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಇವುಗಳ ಮೇಲೆ ಕಟ್ಟಿದ ಫ್ರೇಮ್‌ವರ್ಕ್‌ಗಳ ಬಗ್ಗೆ ಯಾರೂ ಹಾಗೆ ಹೇಳಲಾರರು.

ಸರ್ವರ್ ಕಡೆಗೆ ಬಂದರೆ ಬೈಸಿಕೊಳ್ಳುವುದರಲ್ಲಿ ಮೊದಲ ಸ್ಥಾನ ಪಿಎಚ್‌ಪಿಗೆ. ರಾಸ್ಮಸ್ ಲೆರ್ಡಾರ್ಫ್ 1994ರ ಸುಮಾರಿಗೆ ತಮ್ಮ ಸ್ವಂತ ಪುಟಕ್ಕೆಂದು ಬರೆದುಕೊಂಡ ಸಣ್ಣಪುಟ್ಟ ಸಲಕರಣೆಗಳಿಂದ ಹುಟ್ಟಿದ ಭಾಷೆ ಅದು. ವ್ಯಾಕರಣದಲ್ಲಿ ಶಿಸ್ತಿಲ್ಲ, ಫಂಕ್ಷನ್ನುಗಳ ಹೆಸರಿಗೆ ನಿಯಮವಿಲ್ಲ. ಸಂದರ್ಶನದಲ್ಲಿ ಪಿಎಚ್‌ಪಿ ಗೊತ್ತು ಎಂದರೆ ಮುಖ ಸಿಂಡರಿಸುವ ಕಂಪನಿಗಳಿವೆ. ಆದರೂ ಸರ್ವರಿನ ಭಾಷೆ ಪತ್ತೆಯಾಗುವ ತಾಣಗಳಲ್ಲಿ ಸುಮಾರು ಮುಕ್ಕಾಲು ಪಾಲು ಅದರದೇ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಪಿಎಚ್‌ಪಿಯಲ್ಲಿದೆ. ಕನ್ನಡ ವಿಕಿಪೀಡಿಯದ ಒಂದೊಂದು ಪುಟವೂ ಅದರಿಂದಲೇ ಬರುವುದು. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಕೂಡ ಪಿಎಚ್‌ಪಿ. ಫೇಸ್‌ಬುಕ್ ಹುಟ್ಟಿದ್ದೂ ಅದರಲ್ಲೇ, ಆಮೇಲೆ ಅದನ್ನೇ ತಿದ್ದಿ ತೀಡಿ ‘ಹ್ಯಾಕ್’ ಎಂಬ ತನ್ನದೇ ಭಾಷೆ ಮಾಡಿಕೊಂಡಿತು.

ಇದರ ಗುಟ್ಟು ಭಾಷೆಯ ಸೊಗಸಿನಲ್ಲಿ ಇಲ್ಲ, ಬಾಡಿಗೆಯಲ್ಲಿದೆ. ಅಗ್ಗದ ಹೋಸ್ಟಿಂಗ್ ತೆಗೆದುಕೊಂಡು ಕಡತಗಳನ್ನು ಸರ್ವರಿಗೆ ಏರಿಸಿದರೆ ಸಾಕು, ತಾಣ ಶುರು. ಬೇರೆ ಭಾಷೆಗಳಲ್ಲಿ ಬಹುಕಾಲ ಅಷ್ಟು ಸಲೀಸಾಗಿ ಇದು ಆಗುತ್ತಿರಲಿಲ್ಲ. ತಾಲ್ಲೂಕು ಕೇಂದ್ರದ ಒಂದು ಸಹಕಾರ ಸಂಘಕ್ಕೋ ಸಾಹಿತ್ಯ ವೇದಿಕೆಗೋ ಮುಖ್ಯವಾಗುವುದು ಈ ಸಲೀಸು. ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಪುಣೆಗೆ ಹೋದರೂ, ರಿಪೇರಿಗೆ ಇನ್ನೊಬ್ಬ ಪಿಎಚ್‌ಪಿ ಗೊತ್ತಿರುವವರು ಅದೇ ಊರಿನಲ್ಲಿ ಸಿಗುತ್ತಾರೆ. 2011ರಲ್ಲಿ ಟೇಲರ್ ಆಟ್‌ವೆಲ್ ತಂದ ಲಾರಾವೆಲ್ ಫ್ರೇಮ್‌ವರ್ಕಿನಿಂದ ಪಿಎಚ್‌ಪಿಗೆ ಶಿಸ್ತೂ ಬಂದಿದೆ. ಭಾಷೆಯೂ ಏಳನೆಯ ಆವೃತ್ತಿಯಿಂದೀಚೆಗೆ ಸಾಕಷ್ಟು ಚುರುಕಾಗಿದೆ. ಬೈಯುವವರು ಬಹುಮಟ್ಟಿಗೆ 2008ರ ಪಿಎಚ್‌ಪಿಯನ್ನೇ ಇನ್ನೂ ಬೈಯುತ್ತಿದ್ದಾರೆ.

ಪೈಥಾನಿನ ಜಾಂಗೋ ಹುಟ್ಟಿದ್ದು ಪತ್ರಿಕಾ ಕಚೇರಿಯೊಂದರಲ್ಲಿ ಎಂಬುದು ಪತ್ರಿಕೆಯವರಿಗೇ ಹೆಚ್ಚಾಗಿ ಗೊತ್ತಿಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಎಂಬ ಊರಮಟ್ಟದ ದಿನಪತ್ರಿಕೆಯಲ್ಲಿ ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಕೆಲಸ ಮಾಡುತ್ತಿದ್ದರು. ಬೆಳಿಗ್ಗೆ ಹೇಳಿದ್ದು ಸಂಜೆಗೆ ತಾಣದಲ್ಲಿರಬೇಕು ಎನ್ನುವ ಸುದ್ದಿಮನೆಯ ಗಡುವಿಗೆ ತಕ್ಕಂತೆ ಅವರು ಕಟ್ಟಿಕೊಂಡ ಸಲಕರಣೆಯೇ 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಸಂಪಾದಕರು ಸುದ್ದಿ ತುಂಬಿಸುವ ಆಡಳಿತ ಪುಟ ಜಾಂಗೋದಲ್ಲಿ ತಾನಾಗಿಯೇ ಸಿದ್ಧವಾಗುತ್ತದೆ. ದಾಖಲೆ, ಪಟ್ಟಿ, ವರ್ಗೀಕರಣ ಹೆಚ್ಚಿರುವ ಯಾವ ಕೆಲಸಕ್ಕೂ ನಾನು ಮೊದಲು ಹೆಸರಿಸುವುದು ಇದನ್ನೇ. ಇನ್‌ಸ್ಟಾಗ್ರಾಂ ಬೆಳೆದದ್ದೂ ಇದರ ಮೇಲೆ, ಆದ್ದರಿಂದ ‘ದೊಡ್ಡದಕ್ಕೆ ಆಗದು’ ಎಂಬ ಆಕ್ಷೇಪ ನಿಲ್ಲುವುದಿಲ್ಲ. ರೂಬಿಯ ರೈಲ್ಸ್ 2004ರಲ್ಲಿ ಡೇವಿಡ್ ಹೈನಮೈಯರ್ ಹ್ಯಾನ್ಸನ್ ತಂದದ್ದು. ಉಳಿದ ಫ್ರೇಮ್‌ವರ್ಕ್‌ಗಳಿಗೆ ದಾರಿ ತೋರಿಸಿದ ಗುರು ಎನ್ನಬಹುದು, ಆದರೆ ನಮ್ಮಲ್ಲಿ ರೂಬಿ ಬಲ್ಲವರು ಸುಲಭಕ್ಕೆ ಸಿಗರು. ಜಾವಾ, ಡಾಟ್ ನೆಟ್‌ಗಳದು ಬ್ಯಾಂಕು, ವಿಮೆಗಳ ಲೋಕ. ಅಲ್ಲಿ ಆಯ್ಕೆ ಮಾಡುವುದು ಪ್ರೋಗ್ರಾಮರ್ ಅಲ್ಲ, ಕಂಪನಿಯ ಹಳೆಯ ಒಪ್ಪಂದ. 2009ರಲ್ಲಿ ರಯಾನ್ ಡಾಲ್ ತೋರಿಸಿದ ನೋಡ್‌ನಿಂದಾಗಿ ಜಾವಾಸ್ಕ್ರಿಪ್ಟ್ ಸರ್ವರಿಗೂ ಕಾಲಿಟ್ಟಿತು. ಒಂದೇ ಭಾಷೆ ಕಲಿತು ಎರಡೂ ಕಡೆ ದುಡಿಯಬಹುದೆಂಬ ಆಸೆ ಹುಟ್ಟಿದ್ದು ಅಲ್ಲಿಂದ. ‘ಫುಲ್ ಸ್ಟಾಕ್’ ಫಲಕಗಳ ಭರಾಟೆಗೂ ಅದೇ ಮೂಲ.

ನಿಜವಾದ ಗಲಾಟೆ ಇರುವುದು ಬ್ರೌಸರಿನ ಕಡೆ. 2006ರಲ್ಲಿ ಜಾನ್ ರೆಸಿಗ್ ಜೆಕ್ವೆರಿ ಕೊಟ್ಟಾಗ ಬ್ರೌಸರುಗಳು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಒಂದೊಂದು ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವು. ಆ ತಾಪತ್ರಯವನ್ನು ಅದು ಮುಚ್ಚಿ ಹಾಕಿತು. 2010ರಲ್ಲಿ ಗೂಗಲ್‌ನಿಂದ ಆಂಗ್ಯುಲರ್‌ಜೆಎಸ್ ಬಂತು. ಕಂಪನಿಗಳು ಅದನ್ನು ನಂಬಿ ದೊಡ್ಡ ದೊಡ್ಡ ಕಟ್ಟಡ ಎಬ್ಬಿಸಿದ ಮೇಲೆ, 2016ರಲ್ಲಿ ಬಂದ ಎರಡನೆಯ ಆವೃತ್ತಿ ಹೆಸರಿಗೆ ಮಾತ್ರ ಅದರ ತಮ್ಮ, ಒಳಗೆಲ್ಲ ಬೇರೆಯೇ ಆಗಿತ್ತು. ಮೊದಲನೆಯದಕ್ಕೆ 2021ರ ಡಿಸೆಂಬರಿನಲ್ಲಿ ಗೂಗಲ್ ಆಸರೆ ನಿಲ್ಲಿಸಿತು. ಸರ್ನ್‌ನ 1991ರ ಪುಟ ಇನ್ನೂ ನಿಂತಿದೆ, 2010ರ ಫ್ರೇಮ್‌ವರ್ಕಿಗೆ ಹನ್ನೊಂದೇ ವರ್ಷ ಆಯುಸ್ಸು.

ಫೇಸ್‌ಬುಕ್ 2013ರಲ್ಲಿ ಮುಕ್ತಗೊಳಿಸಿದ ರಿಯಾಕ್ಟ್ ಈ ವಿಷಯದಲ್ಲಿ ವಾಸಿ. 2019ರಲ್ಲಿ ‘ಹುಕ್ಸ್’ ಬಂದು ಬರೆಯುವ ಶೈಲಿಯೇ ಬದಲಾದರೂ ಹಳೆಯ ಶೈಲಿಯ ಕೋಡು ಓಡುತ್ತಲೇ ಇದೆ. ಆದರೆ ರಿಯಾಕ್ಟ್ ಒಂಟಿಯಾಗಿ ಬರುವುದಿಲ್ಲ, ಪರಿವಾರಸಮೇತ ಬರುತ್ತದೆ. ಪುಟದಿಂದ ಪುಟಕ್ಕೆ ಹೋಗಲು ಒಂದು ಲೈಬ್ರರಿ, ಮಾಹಿತಿ ಇಟ್ಟುಕೊಳ್ಳಲು ಇನ್ನೊಂದು, ಎಲ್ಲವನ್ನೂ ಕಟ್ಟಿ ಒಪ್ಪಿಸಲು ಮತ್ತೊಂದು. ಆ ಪರಿವಾರದಲ್ಲಿ ಸಾವುನೋವು ಜಾಸ್ತಿ. ಹೊಸ ರಿಯಾಕ್ಟ್ ಯೋಜನೆ ಶುರುಮಾಡಲು 2016ರಿಂದ ಎಲ್ಲರೂ ಬಳಸುತ್ತಿದ್ದ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಸಲಕರಣೆಯನ್ನು 2025ರ ಫೆಬ್ರುವರಿಯಲ್ಲಿ ರಿಯಾಕ್ಟ್ ತಂಡವೇ ನಿವೃತ್ತಿಗೊಳಿಸಿತು. ಎಷ್ಟೋ ಪಾಠಗಳು ಅದರಿಂದಲೇ ಆರಂಭವಾಗುತ್ತಿದ್ದವು.

ಗೂಗಲ್‌ನಲ್ಲಿ ಆಂಗ್ಯುಲರ್‌ಜೆಎಸ್ ಜೊತೆ ಪಳಗಿದ್ದ ಇವಾನ್ ಯು ತಮಗೆ ಬೇಕಾದಷ್ಟನ್ನೇ ಉಳಿಸಿಕೊಂಡು 2014ರಲ್ಲಿ ವ್ಯೂ ತಂದರು. ಹೊಸಬರಿಗೆ ಕಲಿಯಲು ಅದೇ ಹಗುರ, ದಾಖಲೆಪುಟಗಳೂ ಚೆನ್ನಾಗಿವೆ. ವಿಕಿಮೀಡಿಯದವರು ತಮ್ಮ ತಾಣಗಳಿಗೆ ಆರಿಸಿಕೊಂಡದ್ದೂ ವ್ಯೂ. ಆದರೂ ಎರಡನೆಯ ಆವೃತ್ತಿಯಿಂದ ಮೂರನೆಯದಕ್ಕೆ ಹಾರುವಾಗ ಮೈಕೈ ನೋಯಿಸಿಕೊಂಡವರು ಬಹಳ. ಪತ್ರಿಕೆಗಳಿಗೆ ಸಂವಾದಾತ್ಮಕ ಚಿತ್ರಗಳನ್ನು ಮಾಡುತ್ತಿದ್ದ ರಿಚ್ ಹ್ಯಾರಿಸ್ 2016ರಲ್ಲಿ ತಂದ ಸ್ವೆಲ್ಟ್‌ನ ಉಪಾಯ ಬೇರೆ: ಫ್ರೇಮ್‌ವರ್ಕನ್ನು ಓದುಗನ ಮೊಬೈಲಿಗೆ ಹೊರಿಸುವ ಬದಲು, ಬರೆದ ಕೋಡನ್ನು ಮೊದಲೇ ಬೇಯಿಸಿ ಸಣ್ಣ ಜಾವಾಸ್ಕ್ರಿಪ್ಟ್ ಆಗಿಸಿ ಕಳಿಸುತ್ತದೆ. ಸುದ್ದಿಮನೆಯಿಂದ ಬಂದ ಈ ಎರಡೂ, ಜಾಂಗೋ ಮತ್ತು ಸ್ವೆಲ್ಟ್, ನನಗೆ ಹಿಡಿಸುವುದು ಕಾಕತಾಳೀಯವಲ್ಲ. ಓದುಗನ ತಾಳ್ಮೆಗೆ ಮಿತಿಯಿದೆ ಎಂಬುದು ಎರಡನ್ನೂ ಮಾಡಿದವರಿಗೆ ಗೊತ್ತಿತ್ತು.

ತಾಳ್ಮೆಯ ವಿಷಯದಲ್ಲಿ ಬೆಂಗಳೂರಿನದೇ ಒಂದು ನಿದರ್ಶನ ಇದೆ. 2015ರ ಆರಂಭದಲ್ಲಿ ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ಜಾಲತಾಣ ಮುಚ್ಚಿ, ಬೇಕಿದ್ದರೆ ಆ್ಯಪ್ ಹಾಕಿಕೊಳ್ಳಿ ಎಂದಿತು. ಅದೇ ನವೆಂಬರಿನಲ್ಲಿ ಮನಸ್ಸು ಬದಲಿಸಿ ‘ಫ್ಲಿಪ್‌ಕಾರ್ಟ್ ಲೈಟ್’ ಎಂಬ ಹೊಸ ತಾಣದೊಂದಿಗೆ ಮರಳಿತು. ನೆಟ್‌ವರ್ಕ್ ಕೈಕೊಟ್ಟರೂ ಪುಟ ತೆರೆಯುವ, ಮೊಬೈಲಿನ ಮುಖಪುಟದಲ್ಲಿ ಆ್ಯಪಿನಂತೆ ಕೂರುವ ಪ್ರೋಗ್ರೆಸಿವ್ ವೆಬ್ ಆ್ಯಪ್‌ಗಳ ಪೈಕಿ ಜಗತ್ತಿನ ಮೊದಮೊದಲ ದೊಡ್ಡ ಉದಾಹರಣೆ ಅದು. ಆ ತಾಣಕ್ಕೆ ಬರುತ್ತಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಗ 2ಜಿಯಲ್ಲಿದ್ದರು. ಹೊಸ ತಾಣದಲ್ಲಿ ಜನ ಕಳೆಯುವ ಸಮಯ ಹಿಂದಿನದಕ್ಕಿಂತ ಸುಮಾರು ಮೂರು ಪಟ್ಟಾಯಿತು ಎಂದು ಗೂಗಲ್ ಪ್ರಕಟಿಸಿದ ವರದಿ ಹೇಳಿತು. ಆ ತಾಣ ಕಟ್ಟಲು ಬಳಸಿದ್ದು ರಿಯಾಕ್ಟನ್ನೇ. ಅಂದರೆ ರಿಯಾಕ್ಟ್ ಭಾರ ಎನ್ನುವ ಮಾತು ಅರ್ಧಸತ್ಯ. ಪಳಗಿದ ತಂಡದ ಕೈಯಲ್ಲಿ ಅದು ಹಗುರವಾಗಬಲ್ಲುದು, ಆದರೆ ಅಂಥ ತಂಡಕ್ಕೆ ಸಂಬಳ ಕೊಡುವ ಶಕ್ತಿ ಎಷ್ಟು ಜನರಿಗಿದೆ? ಹತ್ತು ಪುಟದ ಕಾಲೇಜು ತಾಣಕ್ಕೆ ರಿಯಾಕ್ಟ್ ಹಾಕಿದರೆ, ಅಲ್ಲಿ ಒಂದಕ್ಷರ ಕಾಣುವ ಮೊದಲೇ ಅಗ್ಗದ ಮೊಬೈಲಿನ ಪ್ರೊಸೆಸರು ರಾಶಿ ಜಾವಾಸ್ಕ್ರಿಪ್ಟ್ ಓದಿ ಮುಗಿಸಬೇಕು. ಅಷ್ಟೇ ಗಾತ್ರದ ಚಿತ್ರಕ್ಕೂ ಜಾವಾಸ್ಕ್ರಿಪ್ಟಿಗೂ ಇದೇ ವ್ಯತ್ಯಾಸ: ಚಿತ್ರ ಇಳಿದರೆ ಮುಗಿಯಿತು, ಜಾವಾಸ್ಕ್ರಿಪ್ಟ್ ಇಳಿದ ಮೇಲೆ ಕೆಲಸ ಶುರು.

ಪರಿವಾರದ ಇನ್ನೊಂದು ಅಪಾಯ 2016ರ ಮಾರ್ಚಿನಲ್ಲಿ ಬಯಲಾಯಿತು. ಹೆಸರಿನ ವಿವಾದವೊಂದರಿಂದ ಬೇಸತ್ತ ಪ್ರೋಗ್ರಾಮರೊಬ್ಬರು ಎನ್‌ಪಿಎಂ ಎಂಬ ಸಾರ್ವಜನಿಕ ಉಗ್ರಾಣದಿಂದ ತಮ್ಮ ಲೈಬ್ರರಿಗಳನ್ನೆಲ್ಲ ಹಿಂದಕ್ಕೆ ಪಡೆದರು. ಅವುಗಳಲ್ಲೊಂದು ‘ಲೆಫ್ಟ್-ಪ್ಯಾಡ್’. ಪಠ್ಯದ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಗಳನ್ನೋ ತುಂಬುವ 11 ಸಾಲಿನ ಕೋಡು. ಅದಿಲ್ಲದೆ ಬೇಬೆಲ್‌ನಂಥ ಮುಖ್ಯ ಸಲಕರಣೆಗಳೇ ನಿಂತವು, ಜಗತ್ತಿನಾದ್ಯಂತ ಕಂಪನಿಗಳ ಕೆಲಸ ಕೆಲವು ಗಂಟೆ ಕೆಟ್ಟಿತು. 11 ಸಾಲನ್ನು ತಾನೇ ಬರೆದುಕೊಳ್ಳಲಾರದ ಉದ್ಯಮವೇ ಎಂದು ನಕ್ಕವರಿದ್ದರು. ನಕ್ಕವರ ಯೋಜನೆಗಳಲ್ಲೂ ಅದು ಎಲ್ಲೋ ಆಳದಲ್ಲಿ ಅಡಗಿ ಕೂತಿದ್ದಿರಬಹುದು, ಯಾರ ಕೋಡಿನ ಮೇಲೆ ಯಾರ ಕೋಡು ನಿಂತಿದೆ ಎಂದು ಯಾರೂ ಪೂರ್ತಿ ನೋಡಿರುವುದಿಲ್ಲ.

ಕನ್ನಡದ ಪ್ರಶ್ನೆಯನ್ನು ಹೋಲಿಕೆಯ ಪಟ್ಟಿಗಳು ಕೇಳುವುದೇ ಇಲ್ಲ. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಒಂದನೆಯ ತರಗತಿಯ ಮಗು ಮೂರು ಎನ್ನುತ್ತದೆ. ಪಿಎಚ್‌ಪಿಯ ಸಾಮಾನ್ಯ ಉದ್ದಳತೆಯ ಫಂಕ್ಷನ್ 15 ಎನ್ನುತ್ತದೆ, ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕಾದ್ದರಿಂದ. ಜಾವಾಸ್ಕ್ರಿಪ್ಟ್ ಮತ್ತು ಈಗಿನ ಪೈಥಾನ್ ಹೇಳುವುದು 5: ಕ, ನ, ವಿರಾಮ, ನ, ಡ. ಇದು ತಮಾಷೆಯಾಗಿ ಉಳಿಯುವುದಿಲ್ಲ. ಸುದ್ದಿಯ ಮೊದಲ ನೂರು ಅಕ್ಷರ ತೋರಿಸಿ ‘ಮುಂದೆ ಓದಿ’ ಎನ್ನುವ ಕಡೆ ಪಿಎಚ್‌ಪಿ ಬೈಟು ಲೆಕ್ಕದಲ್ಲಿ ಕತ್ತರಿಸಿದರೆ ಕೊನೆಯ ಅಕ್ಷರ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಜಾವಾಸ್ಕ್ರಿಪ್ಟ್ ಕತ್ತರಿಸಿದರೆ ಒತ್ತಕ್ಷರ ಉದುರಿ ಅರ್ಧಾಕ್ಷರ ನೇತಾಡುತ್ತದೆ. ಬೈಟಿನ ತೊಡಕಿಗೆ ಪಿಎಚ್‌ಪಿಯಲ್ಲಿ ಬಹುಬೈಟ್ ಫಂಕ್ಷನ್ನುಗಳಿವೆ, ಕೇಳಿ ಹಾಕಿಸಬೇಕು, ಅಷ್ಟೆ.

ಹೆಸರು ತುಂಬಿಸುವ ಕಲಮಿನ ಕಥೆ ಇನ್ನೂ ಚೆನ್ನ. ‘ಎ’ಯಿಂದ ‘ಝಡ್’ವರೆಗಿನ ಇಂಗ್ಲಿಷ್ ಅಕ್ಷರ ಮಾತ್ರ ಇರಲಿ ಎಂದು ನಿಯಮ ಬರೆದವರನ್ನು ಬಿಡಿ. ತುಸು ತಿಳಿದವರು ‘ಯಾವ ಭಾಷೆಯದಾದರೂ ಅಕ್ಷರ ಇರಲಿ’ ಎಂಬ ಯುನಿಕೋಡ್ ನಿಯಮ ಹಾಕುತ್ತಾರೆ. ಆಗ ‘ಕನಕ’ ಎಂಬ ಹೆಸರು ಪಾಸಾಗುತ್ತದೆ, ‘ಗೀತಾ’ ಫೇಲಾಗುತ್ತದೆ. ಯಾಕೆಂದರೆ ಯುನಿಕೋಡ್ ಪ್ರಕಾರ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ಗುರುತುಗಳೂ ಇರಲಿ ಎಂದು ಬೇರೆಯಾಗಿ ಬರೆಯಬೇಕು. ಯಾವ ಭಾಷೆ ಆರಿಸಿದರೂ ಈ ತೊಡಕು ತಪ್ಪದು. ಆದ್ದರಿಂದ ಕನ್ನಡದ ಮಟ್ಟಿಗೆ ಭಾಷೆಗಿಂತ ಬರೆಯುವವರ ತಿಳಿವಳಿಕೆ ಮುಖ್ಯ.

ವಿನ್ಯಾಸದ ಸಲಕರಣೆಗಳಿಗೂ ಇದೇ ಅಳತೆಗೋಲು ಹಿಡಿಯಬೇಕು. ಫ್ರಂಟ್‌ಪೇಜ್, 1997ರ ಡ್ರೀಮ್‌ವೀವರ್‌ಗಳ ಕಾಲದಲ್ಲಿ ಚಿತ್ರ ಬರೆದಂತೆ ಪುಟ ಕಟ್ಟಿದರೆ ಕೋಡು ತಾನಾಗಿ ಬರುತ್ತಿತ್ತು. ಬಂದ ಕೋಡನ್ನು ಮತ್ತೆ ಮನುಷ್ಯರು ತೆರೆದು ನೋಡುವಂತಿರಲಿಲ್ಲ. ಆಮೇಲೆ ಫೋಟೊಶಾಪಿನಲ್ಲಿ ಪುಟ ಬಿಡಿಸಿ, ಹೋಳು ಮಾಡಿ ಪ್ರೋಗ್ರಾಮರಿಗೆ ಕೊಡುವ ಪದ್ಧತಿ ಬಂತು. ಕನ್ನಡದವರಿಗೆ ಆಗ ಇದ್ದ ಸಂಕಟವೇ ಬೇರೆ. ಫೋಟೊಶಾಪಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಸೆಟ್ಟಿಂಗ್ ಆರಿಸಿಕೊಳ್ಳದಿದ್ದರೆ ಯುನಿಕೋಡ್ ಕನ್ನಡದ ಒತ್ತುಗಳು ಚದುರಿಹೋಗುತ್ತಿದ್ದವು. ಹಾಗಾಗಿ ಯುನಿಕೋಡ್ ಅಲ್ಲದ ನುಡಿ, ಶ್ರೀಲಿಪಿ ಫಾಂಟುಗಳಲ್ಲೇ ವಿನ್ಯಾಸ ನಡೆಯುತ್ತಿತ್ತು. ಅದನ್ನು ನಕಲಿಸಿ ತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

2010ರಲ್ಲಿ ಬಂದ ಸ್ಕೆಚ್ ಆ್ಯಪಲ್ ಗಣಕಗಳಿಗಷ್ಟೇ ಸೀಮಿತವಾಗಿತ್ತು. ಡಿಲನ್ ಫೀಲ್ಡ್, ಇವಾನ್ ವಾಲೇಸ್ 2012ರಲ್ಲಿ ಆರಂಭಿಸಿ 2016ರಲ್ಲಿ ಎಲ್ಲರಿಗೂ ತೆರೆದ ಫಿಗ್ಮಾ ನೇರ ಬ್ರೌಸರಿನಲ್ಲೇ ಓಡಿತು. ಎರಡು ಊರುಗಳಲ್ಲಿ ಕೂತ ಇಬ್ಬರು ಒಂದೇ ಪುಟ ತಿದ್ದಬಹುದು, ದುಬಾರಿ ಗಣಕ ಬೇಡ, ಆರಂಭಕ್ಕೆ ಹಣವೂ ಬೇಡ. ಅಡೋಬಿ ಎಷ್ಟು ಬೆದರಿತೆಂದರೆ 2022ರಲ್ಲಿ ಫಿಗ್ಮಾವನ್ನು 2,000 ಕೋಟಿ ಡಾಲರಿಗೆ ಕೊಳ್ಳಲು ಹೊರಟಿತು. ಯುರೋಪಿನ ಮತ್ತು ಬ್ರಿಟನ್ನಿನ ನಿಯಂತ್ರಕರು ಅಡ್ಡಬಂದ ಮೇಲೆ 2023ರ ಡಿಸೆಂಬರಿನಲ್ಲಿ ಒಪ್ಪಂದ ಮುರಿಯಿತು, ಅಡೋಬಿ 100 ಕೋಟಿ ಡಾಲರ್ ತೆರಬೇಕಾಯಿತು. ಅಡೋಬಿಯದೇ ವಿನ್ಯಾಸ ಸಲಕರಣೆ ಎಕ್ಸ್‌ಡಿ ಅಷ್ಟರಲ್ಲಿ ಮೂಲೆ ಸೇರಿತ್ತು. ಫಿಗ್ಮಾ ಗೆದ್ದಿರುವುದು ನಿಜ. ಆದರೆ ಒಂದೇ ಕಂಪನಿಯ ಕೈಯಲ್ಲಿ ಎಲ್ಲ ವಿನ್ಯಾಸ ಇರುವುದು ಬೇಡ ಎನ್ನುವವರಿಗೆ ಸ್ವಂತ ಸರ್ವರಿನಲ್ಲೂ ಇಟ್ಟುಕೊಳ್ಳಬಹುದಾದ, ಮುಕ್ತ ತಂತ್ರಾಂಶವಾದ ಪೆನ್‌ಪಾಟ್ ಇದೆ. ಸರಕಾರಿ ಇಲಾಖೆಗಳು ಇದರ ಕಡೆ ನೋಡಬೇಕು.

ಫಿಗ್ಮಾದಲ್ಲಿ ಬಿಡಿಸಿದ್ದು ಬ್ರೌಸರಿನಲ್ಲಿ ಹಾಗೆಯೇ ಕಾಣುತ್ತದೆಂದು ನಂಬಬಾರದು. ಅದರ ಅಕ್ಷರ ಬಿಡಿಸುವ ವ್ಯವಸ್ಥೆಯೇ ಬೇರೆ. ಮೇಲಾಗಿ ವಿನ್ಯಾಸಕರು ತುಂಬುವುದು ಅರ್ಥವಿಲ್ಲದ ಲ್ಯಾಟಿನ್ ಪಠ್ಯ. ಅದಕ್ಕೆ ಮೇಲೆ ಗುಡಿಸಿಲ್ಲ, ಕೆಳಗೆ ಒತ್ತಿಲ್ಲ. 2011ರಲ್ಲಿ ಟ್ವಿಟರ್‌ನವರು ಕೊಟ್ಟ ಬೂಟ್‌ಸ್ಟ್ರಾಪಿನಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಅಕ್ಷರಗಾತ್ರದ 1.2 ಪಟ್ಟು. ಈಗ ಚಾಲ್ತಿಯಲ್ಲಿರುವ ಟೇಲ್‌ವಿಂಡ್‌ನಲ್ಲಿ ದೊಡ್ಡ ಶೀರ್ಷಿಕೆಗಳಿಗೆ ಬರೀ ಒಂದು ಪಟ್ಟು. ಎರಡು ಸಾಲಿನ ಕನ್ನಡ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುವುದು ಇದರಿಂದಲೇ. 1.5ಕ್ಕೆ ಏರಿಸಿದರೆ ಮುಗಿಯುವ ಕೆಲಸ, ಆದರೂ ಎಷ್ಟು ಕನ್ನಡ ತಾಣಗಳಲ್ಲಿ ಮುಗಿದಿಲ್ಲ! ಫಾಂಟಿಗಂತೂ ಈಗ ಬರವಿಲ್ಲ. ನೋಟೊ, ಅನೇಕ್, ಬಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಎಲ್ಲವೂ ಪುಕ್ಕಟೆ ಸಿಗುತ್ತವೆ. ಒತ್ತಕ್ಷರಗಳ ದೆಸೆಯಿಂದ ಕನ್ನಡ ಫಾಂಟು ಇಂಗ್ಲಿಷಿನದಕ್ಕಿಂತ ಭಾರ, ಆದ್ದರಿಂದ ಒಂದು ತಾಣಕ್ಕೆ ಒಂದೋ ಎರಡೋ ಸಾಕು.

ಕೋಡು ಬರೆದುಕೊಡುವ ಎಐ ಬಂದ ಮೇಲೆ ಈ ಹೋಲಿಕೆಗಳೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಈ ಎಐಗಳು ಹೆಚ್ಚಾಗಿ ಬರೆಯುವುದು ರಿಯಾಕ್ಟ್ ಮತ್ತು ಟೇಲ್‌ವಿಂಡ್, ಕಲಿತದ್ದರಲ್ಲಿ ಅದೇ ಜಾಸ್ತಿ ಇದ್ದುದರಿಂದ. ಶೀರ್ಷಿಕೆಯ ಎತ್ತರವನ್ನೂ ಹಾಗೆಯೇ ಒಂದಕ್ಕೆ ಇಡುತ್ತವೆ. ಕೇಳುವವರಿಗೆ ಏನು ಕೇಳಬೇಕೆಂದು ಗೊತ್ತಿದ್ದರೆ ಉಪಯೋಗ ಬಹಳ, ಇಲ್ಲದಿದ್ದರೆ ತಪ್ಪು ಬೇಗ ಆಗುತ್ತದೆ ಅಷ್ಟೆ.

ನನ್ನ ತೀರ್ಮಾನ ಹೀಗಿದೆ. ಸಂಘ, ಗ್ರಂಥಾಲಯ, ಪ್ರಕಾಶನ, ಸಣ್ಣ ಪತ್ರಿಕೆಗಳಿಗೆ ವರ್ಡ್‌ಪ್ರೆಸ್ ಸಾಕು. ವರ್ಷಕ್ಕೊಮ್ಮೆ ಬದಲಾಗುವ ಪುಟಗಳಾದರೆ ಅದೂ ಬೇಡ, ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್ ಸಾಲುತ್ತದೆ. ಲಾಗಿನ್, ದಾಖಲೆ, ಅರ್ಜಿಗಳಿರುವ ಕೆಲಸಕ್ಕೆ ಜಾಂಗೋ ಅಥವಾ ಲಾರಾವೆಲ್. ನಕ್ಷೆ, ಚಾಟ್, ಕ್ಷಣಕ್ಷಣಕ್ಕೂ ಬದಲಾಗುವ ಪರದೆಗಳಿದ್ದರೆ ಮಾತ್ರ ರಿಯಾಕ್ಟ್ ಅಥವಾ ವ್ಯೂ. ಕೆಲಸ ಹುಡುಕುತ್ತಿರುವವರು ರಿಯಾಕ್ಟ್ ಕಲಿಯದೆ ವಿಧಿಯಿಲ್ಲ, ಆದರೆ ಫ್ರೇಮ್‌ವರ್ಕಿಲ್ಲದ ಜಾವಾಸ್ಕ್ರಿಪ್ಟಿನಲ್ಲಿ ಒಂದು ಪೂರ್ತಿ ತಾಣ ಕಟ್ಟಿದ ಮೇಲೆಯೇ ಆ ಬ್ಯಾಚಿಗೆ ಹಣ ಕಟ್ಟಿ. ವಿನ್ಯಾಸಕ್ಕೆ ಫಿಗ್ಮಾ ಇರಲಿ, ಆದರೆ ಅದರಲ್ಲಿ ತುಂಬುವ ಪಠ್ಯ ನಿಮ್ಮದೇ ಕನ್ನಡ ಪಠ್ಯವಾಗಿರಲಿ. ತಾಣ ಮಾಡಿಸುವವರು ಅದನ್ನು ಒಪ್ಪಿಸಿಕೊಳ್ಳುವ ದಿನ ಅಗ್ಗದ ಮೊಬೈಲೊಂದನ್ನು ತರಿಸಿ, ಹೆಸರಿನ ಕಲಮಿನಲ್ಲಿ ‘ಕೃಷ್ಣಮೂರ್ತಿ’ ಎಂದು ಟೈಪಿಸಿ ನೋಡಿ. ಅದು ಒಪ್ಪಿಕೊಳ್ಳದಿದ್ದರೆ ಕೊನೆಯ ಕಂತಿನ ಹಣ ಕೊಡಬೇಡಿ.